ಮಕ್ಕಳ ಕಾಲೇಜು ಬದಲಾದಾಗ ವಿದ್ಯಾರ್ಥಿವೇತನ ಏನಾಗುತ್ತದೆ?

(ಯಾದವಗಿರಿಯಲ್ಲಿ ನಡೆದ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿಯಿತು. ಇನ್ನು ಮಕ್ಕಳ ಕಾಲೇಜಿನ ವಿಷಯ. ಈಚೆಗೆ ನಮ್ಮ ಸಂಘಗಳ ತಾಯಂದಿರು ಮತ್ತೆ ಮತ್ತೆ ಒಂದೇ ಪ್ರಶ್ನೆ ತರುತ್ತಿದ್ದಾರೆ: "ಸಿಸ್ಟರ್, ಮಗಳನ್ನ ಈ ಕಾಲೇಜಿಂದ ತೆಗೆದು ಬೇರೆ ಕಡೆ ಹಾಕಿದ್ರೆ ಸ್ಕಾಲರ್‌ಶಿಪ್ ಬರುತ್ತಾ, ನಿಂತೋಗುತ್ತಾ?"

ಕಾಲೇಜು ಬಿಡಿಸುವವರನ್ನು ನಾವು ಬೈಯುವುದಿಲ್ಲ. ಬಾಡಿಗೆ ಹೆಚ್ಚಾಗಿ ಮನೆಯನ್ನು ಊರಾಚೆಗೆ ಬದಲಾಯಿಸಿರುತ್ತಾರೆ. ಯಜಮಾನರ ಕೆಲಸ ಹೋಗಿರುತ್ತದೆ. ದಾರಿಯಲ್ಲಿ ಹುಡುಗಿಗೆ ಯಾರದೋ ಕಾಟ ಇರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ನಿಜ. ಆದರೆ ಎರಡು ಬಸ್ಸು ಹತ್ತಿ ಇಳಿದು ಕತ್ತಲಾದ ಮೇಲೆ ಮನೆ ಸೇರುವ ಮಗಳ ದಾರಿ ಕಾಯುವ ತಾಯಿಯ ಕಷ್ಟ ಟಿಕೆಟ್ಟಿನದಲ್ಲ.

ಮೊದಲು ಒಂದು ಮಾತು ತಿಳಿದುಕೊಳ್ಳಿ. ವಿದ್ಯಾರ್ಥಿವೇತನ ಮಗುವಿನ ಹೆಸರಿಗೇ ಬಂದರೂ, ಮಂಜೂರಾಗುವುದು "ಈ ಕಾಲೇಜಿನಲ್ಲಿ, ಈ ಕೋರ್ಸಿನಲ್ಲಿ, ಈ ವರ್ಷ ಓದುತ್ತಿದ್ದಾಳೆ" ಎಂಬ ಲೆಕ್ಕದ ಮೇಲೆ. ಮನೆ ಬದಲಾಯಿಸಿದರೆ ಗ್ಯಾಸ್ ಕನೆಕ್ಷನ್ ತಾನಾಗಿ ಹಿಂದೆ ಬರುತ್ತದೆಯೇ? ಏಜೆನ್ಸಿಗೆ ಹೋಗಿ ಕಾಗದ ಮಾಡಿಸಬೇಕು. ಇದೂ ಹಾಗೆಯೇ. ಮುಂಚೆ ಒಪ್ಪಿಗೆ ಪಡೆಯದೆ ಕಾಲೇಜು ಅಥವಾ ವಿಷಯ ಬದಲಾಯಿಸಿದರೆ ವೇತನ ರದ್ದು ಮಾಡಬಹುದು, ಕೊಟ್ಟದ್ದನ್ನು ವಾಪಸ್ ಕೇಳಬಹುದು ಎಂಬ ಮಾತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳಲ್ಲಿ ಹಿಂದಿನಿಂದಲೂ ಬಂದಿದೆ. ಆದ್ದರಿಂದ ಟಿ.ಸಿ. ತೆಗೆದುಕೊಂಡ ಮೇಲೆ ಕೇಳುವುದಲ್ಲ, ಮುಂಚೆಯೇ ಕೇಳಬೇಕು. ಬಾಯಿಮಾತಿನಲ್ಲಿ ಬೇಡ. ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿಗೆ ಕಾಲೇಜಿನ ಸೀಲು ಹಾಕಿಸಿಕೊಳ್ಳಿ. ಆ ಪ್ರತಿ ನಿಮ್ಮ ಟ್ರಂಕಿನಲ್ಲಿರಲಿ.

ಇನ್ನು ಯಾವಾಗ ಬದಲಾಯಿಸಬೇಕು? ಒಂದು ವರ್ಷಕ್ಕೆ ಎರಡು ಸೆಮಿಸ್ಟರ್, ಆದರೆ ಎಸ್.ಎಸ್.ಪಿ.ಯಲ್ಲಿ ಅರ್ಜಿ ವರ್ಷಕ್ಕೆ ಒಂದೇ ಸಲ. ತೊಡಕು ಇರುವುದು ಇಲ್ಲೇ. ಎರಡನೆಯ ಅಥವಾ ನಾಲ್ಕನೆಯ ಸೆಮಿಸ್ಟರ್ ಮುಗಿಸಿ ಹೊರಟರೆ ಹಳೆಯ ಕಾಲೇಜಿನ ವರ್ಷ ಪೂರ್ತಿಯಾಗಿರುತ್ತದೆ, ಮುಂದಿನ ವರ್ಷದ ಅರ್ಜಿ ಹೊಸ ಕಾಲೇಜಿನ ಹೆಸರಲ್ಲಿ ಹೋಗುತ್ತದೆ. ಮೊದಲನೆಯದೋ ಮೂರನೆಯದೋ ಮುಗಿಸಿ ಡಿಸೆಂಬರ್-ಜನವರಿಯಲ್ಲಿ ಹೊರಟರೆ, ಅರ್ಜಿ ಒಂದು ಕಡೆ, ಹುಡುಗಿ ಇನ್ನೊಂದು ಕಡೆ. ಹಳೆಯ ಕಾಲೇಜು ಇಡೀ ವರ್ಷದ ಫೀಸು ಕಟ್ಟಿ ಎನ್ನಬಹುದು, ಹೊಸ ಕಾಲೇಜೂ ಫೀಸು ಕೇಳುತ್ತದೆ. ವಿಶ್ವವಿದ್ಯಾನಿಲಯಗಳೂ ಸಾಮಾನ್ಯವಾಗಿ ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಆರಂಭದಲ್ಲಿ, ಎರಡೂ ಕಾಲೇಜುಗಳು ಒಪ್ಪಿದರೆ ಬದಲಾವಣೆಗೆ ಬಿಡುತ್ತವೆ. ಹಾಗಾಗಿ ಹುಡುಗಿಯ ಸುರಕ್ಷತೆಯ ಪ್ರಶ್ನೆ ಇಲ್ಲದಿದ್ದರೆ ವರ್ಷ ಮುಗಿಸಿಯೇ ಬದಲಾಯಿಸಿ ಎಂಬುದು ನಮ್ಮ ಅಭಿಪ್ರಾಯ. ಸುರಕ್ಷತೆಯ ಪ್ರಶ್ನೆ ಇದ್ದರೆ ದುಡ್ಡಿನ ಮುಖ ನೋಡಬೇಡಿ.

ಎಲ್ಲ ಸರಿಯಾಗಿ ಮಾಡಿದರೂ ಎಡವುವ ಜಾಗ ಇನ್ನೊಂದಿದೆ. ನಮ್ಮ ಒಬ್ಬ ಸದಸ್ಯೆ ಹೂವು ಕಟ್ಟಿ ಮಾರುವವರು. ಮಗಳು ಎರಡನೆಯ ಸೆಮಿಸ್ಟರ್ ಮುಗಿಸಿ ಕ್ರಮವಾಗಿಯೇ ಕಾಲೇಜು ಬದಲಾಯಿಸಿದಳು. ಅರ್ಜಿಯೂ ಪಾಸಾಯಿತು. ಅಮ್ಮ ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಾರೆ, ದುಡ್ಡಿಲ್ಲ. ಫೀಸಿಗೆಂದು ಸಂಘದಲ್ಲಿ ಹತ್ತು ಸಾವಿರ ಸಾಲ ಎತ್ತಿದರು. ನಾಲ್ಕು ತಿಂಗಳು ಬಡ್ಡಿ ಕಟ್ಟಿದ ಮೇಲೆ ಗೊತ್ತಾಯಿತು: ಹೊಸ ಕಾಲೇಜಿನ ಪಕ್ಕದ ಬ್ಯಾಂಕಿನಲ್ಲಿ ಹುಡುಗಿ ಹೊಸ ಖಾತೆ ತೆರೆದಿದ್ದಳು, ಆಧಾರ್ ಜೋಡಣೆ ಆ ಖಾತೆಗೆ ಹೋಗಿತ್ತು, ಹಣವೂ ಅಲ್ಲೇ ಬಂದು ಬಿದ್ದಿತ್ತು. ನೇರ ಪಾವತಿಯ ಹಣ ಬರುವುದು ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ, ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಖಾತೆಗಲ್ಲ. ಯಾವ ಖಾತೆಗೆ ಜೋಡಣೆ ಇದೆ ಅಂತ ಬ್ಯಾಂಕಿನಲ್ಲಿ ಕೇಳಿದರೆ ಹೇಳುತ್ತಾರೆ. ಸಂಘದ ಸಾಲ ಎತ್ತುವ ಮುಂಚೆ ಅದನ್ನೊಮ್ಮೆ ಕೇಳಿ.

ಹಾಸ್ಟೆಲಿನ ಮಾತು ಬೇರೆ. ವಿದ್ಯಾಸಿರಿಯ ಊಟ-ವಸತಿ ಸಹಾಯ ಸರ್ಕಾರಿ ಹಾಸ್ಟೆಲ್ ಸಿಗದ ಮಕ್ಕಳಿಗೆ ಇರುವುದು. ಮೈಸೂರಿನ ಕಾಲೇಜಿಗೆ ಬಂದು ಬಿ.ಸಿ.ಎಂ. ಹಾಸ್ಟೆಲ್ ಸೇರಿಕೊಂಡು ಅದನ್ನೂ ಪಡೆಯುತ್ತೇವೆ ಎಂದರೆ ಆಗುವುದಿಲ್ಲ. ಬ್ಯಾಂಕಿನ ಶಿಕ್ಷಣ ಸಾಲ ಇರುವವರು ಮೊದಲು ಮ್ಯಾನೇಜರನ್ನು ಕಾಣಬೇಕು. ಆ ಸಾಲವೂ ಒಂದು ಕಾಲೇಜಿನ ಹೆಸರಿಗೇ ಮಂಜೂರಾಗಿರುತ್ತದೆ, ಫೀಸು ನೇರ ಅಲ್ಲಿಗೇ ಹೋಗುತ್ತದೆ.

ಕಟ್ಟಿದ ಫೀಸು ವಾಪಸ್ ಬರುತ್ತದೆಯೇ ಎಂದು ಕೇಳುತ್ತೀರಿ. ಯು.ಜಿ.ಸಿ.ಯ 2018ರ ಸೂಚನೆಯಂತೆ, ದಾಖಲಾತಿಯ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಫೀಸು, ಕೊನೆಯ ದಿನ ಕಳೆದು 15 ದಿನದೊಳಗಾದರೆ ನೂರಕ್ಕೆ 80, ಒಂದು ತಿಂಗಳೊಳಗಾದರೆ 50. ತಿಂಗಳು ದಾಟಿದರೆ ಏನೂ ಇಲ್ಲ. ಸೆಮಿಸ್ಟರ್ ಮುಗಿಸಿ ಹೊರಟವರಿಗೆ ಇದರಿಂದ ಪ್ರಯೋಜನ ಕಡಿಮೆಯೇ. ಆದರೆ ಅದೇ ಸೂಚನೆಯಲ್ಲಿ ಇನ್ನೊಂದು ಮಾತಿದೆ: ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂದಕ್ಕೆ ಕೊಡಬೇಕು. "ಫೀಸು ಕಟ್ಟೋವರೆಗೂ ಮಾರ್ಕ್ಸ್ ಕಾರ್ಡ್ ಕೊಡಲ್ಲ" ಎಂದರೆ ಹೆದರಬೇಡಿ. ಒಬ್ಬರೇ ಹೋಗಬೇಡಿ, ಸಂಘದ ಇಬ್ಬರು ಜೊತೆಗೆ ಹೋಗಿ ಲಿಖಿತವಾಗಿ ಕೇಳಿ.

ಕಾಲೇಜು ಬದಲಾದರೂ ಬದಲಾಗದ್ದು ಕೆಲವಿದೆ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ ಮತ್ತು ಆದಾಯ ಪತ್ರದ ಆರ್.ಡಿ. ನಂಬರ್ ಅದೇ ಇರುತ್ತದೆ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ, ಸುಮ್ಮನೆ ಮತ್ತೆ ಮಾಡಿಸಿ ಏಜೆಂಟರಿಗೆ ದುಡ್ಡು ಸುರಿಯಬೇಡಿ.

ಈ ವರ್ಷ ಕಾಲೇಜು ಬದಲಾಯಿಸುವ ಮಕ್ಕಳಿದ್ದವರು ಟೀ ಆದ ಮೇಲೆ ಸ್ವಲ್ಪ ಹೊತ್ತು ಉಳಿಯಿರಿ. ಅರ್ಜಿ ಬರೆಯುವುದನ್ನು ಕೂತೇ ಮಾಡೋಣ. ಆಧಾರ್, ಪಾಸ್‌ಬುಕ್, ಕಳೆದ ವರ್ಷದ ಎಸ್.ಎಸ್.ಪಿ. ಅರ್ಜಿಯ ಪ್ರತಿ ತಂದಿಲ್ಲದವರು ಮುಂದಿನ ಸಭೆಗೆ ತನ್ನಿ, ಮಗಳನ್ನೂ ಕರೆದುಕೊಂಡು ಬನ್ನಿ.