ಮಕ್ಕಳ ಸ್ಥೌಲ್ಯವೂ ಊರಿನ ಹೊಣೆಯೂ



ಬಡಕಲು ಕೂಸನ್ನು ಕಂಡಾಗ ಜನರ ಕರುಳು ಕರಗುವುದು. ಮೈದುಂಬಿ ಏದುಸಿರುಬಿಡುವ ಕೂಸನ್ನು ಕಂಡಾಗ ಅದೇ ಜನರಿಗೆ ನಗೆ ಬರುವುದು. ಆದರೆ ಕಾರ್ಶ್ಯದಂತೆ ಸ್ಥೌಲ್ಯವೂ ಚಿಕಿತ್ಸಾರ್ಹವಾದುದೆಂಬುದನ್ನು ಪ್ರಾಚೀನರು ಅರಿಯದಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯ ಅಷ್ಟೌನಿಂದಿತೀಯವೆಂಬ ಅಧ್ಯಾಯವು ಅತಿಕೃಶನನ್ನೂ ಅತಿಸ್ಥೂಲನನ್ನೂ ಜೊತೆಯಾಗಿಯೇ ವಿಚಾರಿಸಿ, ಇವರೀರ್ವರಲ್ಲಿ ಸ್ಥೂಲನ ಸ್ಥಿತಿಯೇ ಕಷ್ಟತರವೆಂದು ನಿರ್ಣಯಿಸಿದೆ. ಕಾರಣಗಳನ್ನು ಹೇಳುವಲ್ಲಿ ಅತಿಭೋಜನ, ಮಧುರಸ್ನಿಗ್ಧ ಪದಾರ್ಥಗಳ ಸೇವನೆ, ವ್ಯಾಯಾಮದ ಅಭಾವ, ಹಗಲುನಿದ್ರೆ ಇವುಗಳೊಡನೆ ಬೀಜಸ್ವಭಾವವನ್ನೂ ಎಣಿಸಿದೆ. ಅಂದಮೇಲೆ ಮಗುವನ್ನು ಹೊಟ್ಟೆಬಾಕನೆಂದು ಹಳಿಯುವುದು ಶಾಸ್ತ್ರಸಮ್ಮತವೂ ಅಲ್ಲ, ನ್ಯಾಯವೂ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ, ಲೋಕದಲ್ಲಿ 5ರಿಂದ 19 ವರ್ಷದವರೊಳಗೆ ಅಧಿಕತೂಕದವರು 1990ರಲ್ಲಿ ನೂರಕ್ಕೆ 8 ಮಂದಿ ಇದ್ದರು. 2022ರಲ್ಲಿ 20 ಮಂದಿಯಾದರು. ಇಷ್ಟು ಅಲ್ಪಕಾಲದಲ್ಲಿ ಮನುಷ್ಯರ ಬೀಜಸ್ವಭಾವವು ಮಾರ್ಪಡಲಾರದು. ಮಕ್ಕಳ ನಾಲಗೆಯ ಚಾಪಲ್ಯವೂ ಹೊಸದಾಗಿ ಹುಟ್ಟಿದುದಲ್ಲ. ಮಾರ್ಪಟ್ಟುದು ಮಕ್ಕಳ ಸುತ್ತಣ ಲೋಕ. ಆಡುವ ಬಯಲಿನಲ್ಲಿ ಕಟ್ಟಡವೆದ್ದಿತು. ಶಾಲೆಗೆ ನಡೆಯುವ ಕಾಲಿಗೆ ವಾಹನ ಬಂದಿತು. ಸಂಜೆಯ ಆಟವನ್ನು ಮೊಬೈಲು ನುಂಗಿತು. ಹಬ್ಬಕ್ಕೊಮ್ಮೆ ದೊರೆಯುತ್ತಿದ್ದ ಸಿಹಿ ನಿತ್ಯದ ಪೊಟ್ಟಣವಾಯಿತು. 300 ಮಿಲಿಲೀಟರಿನ ಕೋಲಾ ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುವುದು. ಇದರ ಫಲವಾಗಿ ಪ್ರೌಢವಯಸ್ಕರಲ್ಲಿ ಕಾಣುತ್ತಿದ್ದ ಮಧುಮೇಹ, ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು ಇವು ಬಾಲಕರಲ್ಲಿಯೇ ತಲೆದೋರುತ್ತಿವೆ. ಒಂದು ಮನೆಯ ತಾಯಿಯೊಬ್ಬಳೇ ಇದನ್ನು ತಡೆಯಬಲ್ಲಳೆ?

ಊರೆಲ್ಲ ಒಂದಾಗಿ ನಿಂತರೆ ಏನಾಗುವುದೆಂಬುದಕ್ಕೆ ಫ್ರಾನ್ಸ್ ದೇಶದ ಉತ್ತರಭಾಗದಲ್ಲಿರುವ ಫ್ಲೋರ್ಬೆ, ಲಾವಾಂತಿ ಎಂಬೆರಡು ಸಣ್ಣ ಊರುಗಳ ವೃತ್ತಾಂತವು ನಿದರ್ಶನವಾಗಿದೆ. 1992ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಆಹಾರವಿಚಾರದ ಪಾಠವು ಆರಂಭವಾಯಿತು. ಆದರೂ ಮೊದಮೊದಲು ಅಧಿಕತೂಕದ ಮಕ್ಕಳ ಪ್ರಮಾಣವು ಏರುತ್ತಲೇ ಹೋಯಿತು. 1999ರಿಂದ ಪುರಸಭೆಗಳ ಬೆಂಬಲದೊಡನೆ ಕಾರ್ಯವು ಶಾಲೆಯ ಗೋಡೆಯನ್ನು ದಾಟಿ ಊರಿಗೆಲ್ಲ ಹಬ್ಬಿತು. ಆಹಾರತಜ್ಞರು ನಿಯುಕ್ತರಾದರು, ಆಟಕ್ಕೆ ಹೊಸ ಅನುಕೂಲಗಳೂ ಅದನ್ನು ಕಲಿಸುವ ಶಿಕ್ಷಕರೂ ಒದಗಿದರು, ವೈದ್ಯರು, ಔಷಧ ಮಾರುವವರು, ವರ್ತಕರು, ಸಂಘಗಳವರು ಕೈಗೂಡಿಸಿದರು. 2004ರ ಹೊತ್ತಿಗೆ ಆ ಊರುಗಳಲ್ಲಿ ಅಧಿಕತೂಕದ ಮಕ್ಕಳು ಶೇಕಡಾ 8.8 ಇದ್ದರೆ, ಹೋಲಿಕೆಗೆಂದು ಆಯ್ದ ಊರುಗಳಲ್ಲಿ ಶೇಕಡಾ 17.8 ಇದ್ದರು. ಒಂದು ನಿದರ್ಶನದಿಂದಲೇ ಸಿದ್ಧಾಂತವು ಸ್ಥಾಪಿತವಾಗದು, ನಿಜ. ಆದರೆ ಬರಿಯ ಉಪದೇಶದಿಂದ ಆಗದುದು ಊರಿನ ಆಚರಣೆಯಿಂದ ಆಗಬಹುದೆಂಬ ಭರವಸೆಗೆ ಇಷ್ಟು ಸಾಕು.

ಅರೆಹೊಟ್ಟೆಯ ಮಕ್ಕಳಿರುವ ಭರತಖಂಡದಲ್ಲಿ ಈ ಚಿಂತೆಯೇಕೆಂದು ಕೆಲವರು ಕೇಳುವರು. ಪ್ರಶ್ನೆಯು ಸಹಜವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳೊಳಗೆ ಬೆಳವಣಿಗೆ ಕುಂಠಿತರಾದವರು ಶೇಕಡಾ 35.5; ಅಧಿಕತೂಕದವರು 3.4 ಮಾತ್ರ. ಆದರೆ 2015–16ರಲ್ಲಿ ಈ ಎರಡನೆಯ ಸಂಖ್ಯೆಯು 2.1 ಇದ್ದಿತು. ಗರ್ಭದಲ್ಲಿಯೂ ಶೈಶವದಲ್ಲಿಯೂ ಪೋಷಣೆ ಸಾಲದೆ ಬಳಲಿದ ಶರೀರವು ಮುಂದೆ ಶೀಘ್ರವಾಗಿ ತೂಕ ಗಳಿಸಿದರೆ ರೋಗಕ್ಕೆ ಹೆಚ್ಚು ಈಡಾಗುವುದೆಂದು ವೈದ್ಯರು ಹೇಳುವರು. ಆದುದರಿಂದ ಕಾರ್ಶ್ಯ-ಸ್ಥೌಲ್ಯಗಳು ಎರಡು ಬೇರೆ ಬೇರೆ ಕಥೆಗಳಲ್ಲ. ಒಂದೇ ಅವ್ಯವಸ್ಥೆಯ ಎರಡು ಮುಖಗಳು.

ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಗಳುಳ್ಳ ತಿಂಡಿಗಳನ್ನು ಮಾರಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ನಿಯಮವನ್ನು ಮಾಡಿದೆ. ಆ 50 ಮೀಟರುಗಳನ್ನು ಅಳೆಯಬೇಕಾದವರು ಊರಿನ ಹಿರಿಯರು. ಅಂಗಡಿಕಾರನ ಹೊಟ್ಟೆಯ ಮೇಲೆ ಹೊಡೆಯದೆ, ಹುರಿದ ಶೇಂಗಾ, ಪುಟಾಣಿ, ಪೇರಲ, ಬಾಳೆಹಣ್ಣುಗಳನ್ನು ಅವನೇ ಮಾರುವಂತೆ ಒಪ್ಪಿಸಿ, ಅವನ್ನೇ ಕೊಳ್ಳಬೇಕು. ಮಕ್ಕಳಿಗೆ ಅನ್ನವಿಕ್ಕುವ ವಿದ್ಯಾರ್ಥಿನಿಲಯಗಳು ಪಂಕ್ತಿಯಲ್ಲಿ ಕಾಳು-ಪಲ್ಯೆಗಳನ್ನು ಹೆಚ್ಚಿಸಿ ಸಕ್ಕರೆಯನ್ನು ಕಡಿಮೆ ಮಾಡಲಿ. ದಿನಕ್ಕೆ ಒಂದು ಗಂಟೆ ಮೈಬೆವರುವಷ್ಟು ಆಟವು ಪ್ರತಿಯೊಂದು ಮಗುವಿಗೂ ದೊರೆಯಲಿ. ಬಯಲಿನಲ್ಲಿ ಹುಡುಗಿಯರಿಗೂ ಹುಡುಗರಷ್ಟೇ ಪಾಲಿರಲಿ. ಶಾಲೆಯಲ್ಲಿ ಎತ್ತರ, ತೂಕಗಳನ್ನು ಅಳೆದಾಗ ಫಲವನ್ನು ತಾಯಿತಂದೆಗಳಿಗೆ ಮಾತ್ರ ತಿಳಿಸಲಿ. ತರಗತಿಯಲ್ಲಿ ಕೂಗಿ ಹೇಳದಿರಲಿ. ಬೆಳೆಯುವ ಮಗುವನ್ನು ಉಪವಾಸ ಕೆಡವುವುದಂತೂ ಸರ್ವಥಾ ಕೂಡದು.

ಸಭೆಗೆ ಬಂದ ಊರುಗಳವರು ಬರುವ ಜಾತ್ರೆಯೊಳಗಾಗಿ ತಂತಮ್ಮ ಊರಿನಲ್ಲಿ ಒಂದು ಬಯಲನ್ನು ಮಕ್ಕಳ ಆಟಕ್ಕೆಂದು ಮುಳ್ಳುಕಲ್ಲು ತೆಗೆದು ಬಿಟ್ಟುಕೊಟ್ಟರೆ, ಈ ಉಪನ್ಯಾಸದ ಪ್ರಯೋಜನವು ಸಿದ್ಧಿಸಿದಂತಾಗುವುದು.