ಹರಿದು ಹಂಚಿದ ಪಾಠ



ಮಕ್ಕಳಿಗೆ ಶೀಲ ಕಲಿಸಬೇಕೆಂದು ಎಲ್ಲರೂ ಹೇಳುತ್ತಾರೆ. ಕಲಿಸುವ ಬಗೆ ಮಾತ್ರ ಒಂದೇ, ಉಪದೇಶ. ಅದರಿಂದ ಶೀಲ ಬರುವುದಾಗಿದ್ದರೆ ಭಾಷಣ ಮಾಡುವ ನಾವೆಲ್ಲ ಎಂದೋ ಸಂತರಾಗಿಬಿಡುತ್ತಿದ್ದೆವು!

ತರಗತಿಯಲ್ಲಿ ನಡೆಯುವುದೇನು? ಮೇಷ್ಟರು ಪ್ರಶ್ನೆ ಕೇಳುತ್ತಾರೆ, ಹತ್ತು ಕೈ ಮೇಲೇಳುತ್ತವೆ. ಎದ್ದುನಿಂತವನು ತಪ್ಪಿದರೆ ಉಳಿದ ಒಂಬತ್ತು ಮಂದಿಗೆ ಸಂತೋಷ. ಪಕ್ಕದವನ ಸೋಲೇ ತನ್ನ ಲಾಭವೆಂಬುದನ್ನು ಮಗು ಅಲ್ಲಿಯೇ ಕಲಿಯುತ್ತದೆ.

ಅಮೆರಿಕದಲ್ಲಿ ಕಪ್ಪು, ಬಿಳಿಯ ಮಕ್ಕಳಿಗೆ ಪ್ರತ್ಯೇಕ ಶಾಲೆ ಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಅದು ಪೂರ್ತಿ ಜಾರಿಗೆ ಬರಲು ವರ್ಷಗಳೇ ಹಿಡಿದುವು. 1971ರಲ್ಲಿ ಬಿಳಿಯರ, ಕಪ್ಪು ಜನರ, ಮೆಕ್ಸಿಕೋ ಮೂಲದವರ ಮಕ್ಕಳು ಒಂದೇ ಕೊಠಡಿಗೆ ಬಂದಾಗ ಹೊಡೆದಾಟಗಳಾದುವು. ಒಟ್ಟಿಗೆ ಕೂಡಿಸಿದ ಮಾತ್ರಕ್ಕೆ ಒಂದಾಗುವುದುಂಟೇ?

ಆಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಮತ್ತು ಅವರ ಶಿಷ್ಯರು ಒಂದು ಉಪಾಯ ಹೂಡಿದರು. ಎಲ್ಲ ಬಗೆಯ ಮಕ್ಕಳೂ ಬೆರೆತ ಐದಾರು ಜನರ ಗುಂಪು. ಪಾಠವನ್ನು ಅಷ್ಟೇ ತುಂಡುಮಾಡಿ ಒಬ್ಬೊಬ್ಬರಿಗೆ ಒಂದೊಂದು. ಅದೇ ತುಂಡು ದೊರೆತ ಬೇರೆ ಗುಂಪಿನವರೊಡನೆ ಕುಳಿತು ಮಗು ಅದನ್ನು ಚೆನ್ನಾಗಿ ತಿಳಿದುಕೊಂಡು ಬರಬೇಕು, ತನ್ನವರಿಗೆ ಕಲಿಸಬೇಕು. ಪರೀಕ್ಷೆ ಮಾತ್ರ ಇಡೀ ಪಾಠದ ಮೇಲೆ, ಪ್ರತಿಯೊಬ್ಬರಿಗೂ. ಸ್ಪಿನ್ನಿಂಗ್ ಖಾತೆ ನಿಂತರೆ ಮಗ್ಗದ ಖಾತೆಗೆ ಕೆಲಸವಿಲ್ಲವೆಂಬುದನ್ನು ಗಿರಣಿಯ ಗೆಳೆಯರಿಗೆ ನಾವು ಹೇಳಬೇಕಾಗಿಲ್ಲ.

ಮೆಕ್ಸಿಕೋ ಮೂಲದ ಹುಡುಗನೊಬ್ಬನಿಗೆ ಇಂಗ್ಲಿಷು ತಡವರಿಸುತ್ತಿತ್ತು. ಗುಂಪಿನವರು ಗೇಲಿ ಮಾಡಿದರು. ನೋಡಿಕೊಳ್ಳುತ್ತಿದ್ದವರು ನೀತಿ ಹೇಳಲಿಲ್ಲ. ಗೇಲಿಯಿಂದ ಅವನಲ್ಲಿರುವ ಭಾಗ ನಿಮಗೆ ತಿಳಿಯದು, ಪರೀಕ್ಷೆ ಹತ್ತಿರವಿದೆ ಎಂದರು, ಅಷ್ಟೆ. ಕ್ರಮೇಣ ಮಕ್ಕಳು ಅವನಿಂದ ಮಾತು ಹೊರಡಿಸುವಂಥ ಪ್ರಶ್ನೆ ಕೇಳುವುದನ್ನು ಕಲಿತರು. ಕೇಳುತ್ತ ಕೇಳುತ್ತ, ಅವನು ದಡ್ಡನಲ್ಲವೆಂಬುದೂ ತಿಳಿಯಿತು.

ಡಯಾನ್ ಬ್ರಿಜ್‌ಮನ್ ಎಂಬ ಸಂಶೋಧಕಿ ಹೀಗೆ ಕಲಿತ ಮಕ್ಕಳಿಗೂ ಕಲಿಯದವರಿಗೂ ಒಂದು ಚಿತ್ರಕಥೆ ತೋರಿಸಿದರು. ವಿಮಾನನಿಲ್ದಾಣದಲ್ಲಿ ತಂದೆಯನ್ನು ಬೀಳ್ಕೊಟ್ಟ ಹುಡುಗನಿಗೆ ಅಂಚೆಯವನು ಪೊಟ್ಟಣ ತಂದುಕೊಡುತ್ತಾನೆ. ಒಳಗೆ ಆಟಿಕೆಯ ವಿಮಾನ. ಹುಡುಗ ಅಳುತ್ತಾನೆ. ಏಕೆಂಬುದು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಅಂಚೆಯವನಿಗೆ ಏನನ್ನಿಸೀತು? ತಮಗೆ ತಿಳಿದದ್ದು ಅವನಿಗೂ ತಿಳಿದಿದೆ ಎಂದೇ ಉಳಿದವರು ಹೇಳಿದರೆ, ಕೂಡಿ ಕಲಿತವರಲ್ಲಿ ಹೆಚ್ಚಿನವರು ಪಾಪ, ಅವನಿಗೆ ನಿಲ್ದಾಣದ ಸಂಗತಿಯೇ ಗೊತ್ತಿಲ್ಲ, ಗಾಬರಿಯಾಗುತ್ತಾನೆ ಎಂದರು. ಇನ್ನೊಬ್ಬನ ಕಣ್ಣಿನಿಂದ ನೋಡುವುದು ಅವರಿಗೆ ಬಂದಿತ್ತು.

ಇದಕ್ಕೆ ಹೊಸ ಕಟ್ಟಡ ಬೇಡ, ಗ್ರಾಂಟೂ ಬೇಡ. ವಾರಗಟ್ಟಲೆ ತಾಳ್ಮೆ ಬೇಕು. ಗುಂಪು ಕಟ್ಟುವುದನ್ನು ಮಕ್ಕಳಿಗೇ ಬಿಟ್ಟರೆ ಒಂದೊಂದು ಕೇರಿಯವರು ಒಂದೊಂದು ಮೂಲೆ ಹಿಡಿದಾರು; ಮೇಷ್ಟರೇ ಬೆರೆಸಬೇಕು. ಕೂಲಿಯವನ ಮಗಳೂ ಅಂಗಡಿಯವರ ಮಗನೂ ಒಂದೇ ಗುಂಪಿನಲ್ಲಿರುವರೇ ಎಂದು ಬರುವ ಪಾಲಕರ ಸಭೆಯಲ್ಲಿ ನಾವು ಕೇಳೋಣ.