ದೇಹಕ್ಕೂ ಹಕ್ಕಿದೆ, ಆಟಕ್ಕೂ ಶಿಸ್ತಿದೆ
(ಹೂಗ್ಯಂ: ಜುಮಾ ಪ್ರವಚನದ ಸಾರಾಂಶ)



ಹೆಚ್ಚಿನ ಜನರು ಬೆಲೆ ತಿಳಿಯದೆ ಕಳೆದುಕೊಳ್ಳುವ ಎರಡು ಅನುಗ್ರಹಗಳೆಂದರೆ ಆರೋಗ್ಯ ಮತ್ತು ಬಿಡುವು ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಹದಿಹರೆಯದಲ್ಲಿ ಈ ಎರಡೂ ಕೈತುಂಬ ಇರುತ್ತವೆ. ಇಂದು ಎರಡೂ ಮೊಬೈಲಿನ ಮುಂದೆ ಕರಗುತ್ತಿವೆ.

ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಹೊರಟಿದ್ದ ಯುವಕ ಅಬ್ದುಲ್ಲಾ ಇಬ್ನ್ ಅಮ್ರ್(ರ)ರನ್ನು ಪ್ರವಾದಿ(ಸ)ರು ತಡೆದು, ದೇಹಕ್ಕೂ ಕಣ್ಣಿಗೂ ಹಕ್ಕಿದೆ ಎಂದು ನೆನಪಿಸಿದರು. ಆರಾಧನೆಗಾಗಿಯೂ ಆ ಹಕ್ಕನ್ನು ಮುರಿಯಬಾರದಾದರೆ, ರೀಲ್ಸ್ ನೋಡಲು ಮುರಿಯಬಹುದೇ?

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಬೆಳಿಗ್ಗೆ 5.30ಕ್ಕೆ ಫಜ್ರ್‌ಗೆ ಏಳಬೇಕಾದ ಮಗ ರಾತ್ರಿ 9.30ಕ್ಕೆ ಮಲಗಿದರೆ ಮಾತ್ರ 8 ಗಂಟೆ ಆಗುತ್ತದೆ. ಇಶಾದ ನಂತರ ವ್ಯರ್ಥ ಮಾತುಕತೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ. ಆದ್ದರಿಂದ ಇಶಾ ಮುಗಿದ ಮೇಲೆ ಮನೆಯ ಎಲ್ಲ ಮೊಬೈಲ್‌ಗಳೂ ಒಂದೇ ಕಡೆ ಇರಲಿ. ತಂದೆಯದೂ ಅಲ್ಲೇ ಇರಲಿ. ಇಲ್ಲದಿದ್ದರೆ ಮಾತು ನಡೆಯುವುದಿಲ್ಲ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬಗ್ಗಿಸಿ ಆಡಬೇಕು, ಓಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಗತ್ತಿನಲ್ಲಿ 11ರಿಂದ 17 ವರ್ಷದ ಶೇ. 81ರಷ್ಟು ಮಕ್ಕಳಿಗೆ ಅಷ್ಟು ಚಟುವಟಿಕೆ ಇಲ್ಲ. ಹುಡುಗಿಯರ ಸ್ಥಿತಿ ಇನ್ನೂ ಕಷ್ಟ. ಪ್ರವಾದಿ(ಸ)ರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಆಡಿದ್ದರು. ಹೈಸ್ಕೂಲು ಸೇರಿದ ಕೂಡಲೇ ಮಗಳ ಆಟ ನಿಲ್ಲಿಸುವ ಮುನ್ನ ಇದನ್ನು ನೆನೆಯೋಣ. ಮರ್ಯಾದೆಗೆ ಕುಂದಿಲ್ಲದ ಜಾಗ, ಸಮಯ, ಉಡುಪು ಒದಗಿಸುವುದು ನಮ್ಮ ಹೊಣೆ.

ಮದೀನಾದಲ್ಲಿ ಕುದುರೆ ಓಟವೂ ನಡೆಯಿತು. ಪಳಗಿದ ಕುದುರೆಗಳಿಗೆ ದೂರದ ಗುರಿ, ಪಳಗದವುಗಳಿಗೆ ಹತ್ತಿರದ ಗುರಿ ಎಂದು ಪ್ರವಾದಿ(ಸ)ರು ಬೇರೆ ಬೇರೆ ಗೆರೆ ಹಾಕಿಕೊಟ್ಟರು. ಇಂದು ಶಾಲಾ ಕ್ರೀಡಾಕೂಟಗಳಲ್ಲಿ 14 ಮತ್ತು 17 ವರ್ಷದೊಳಗಿನವರೆಂದು ವಿಭಾಗಿಸುವುದರ ಹಿಂದೆಯೂ ಇದೇ ನ್ಯಾಯವಿದೆ. ಗೊತ್ತಾದ ಸಮಯ, ನಿಯಮ, ಹಿರಿಯರ ಕಣ್ಣು ಇದ್ದರೆ ಆಟ ತರಬೇತಿಯಾಗುತ್ತದೆ. ನಾಯಕನ ಮಾತು ಕೇಳುವುದು, ಸೋಲನ್ನು ಒಪ್ಪುವುದು, ಜಾತಿ ಮತ ನೋಡದೆ ಪಕ್ಕದ ಹುಡುಗನಿಗೆ ಚೆಂಡು ಕೊಡುವುದು ಮಗನಿಗೆ ಅಲ್ಲಿ ರೂಢಿಯಾಗುತ್ತದೆ.

ಒಂದು ಎಚ್ಚರಿಕೆ. ತಂಡಗಳಿಂದ ಹಣ ಸಂಗ್ರಹಿಸಿ, ಅದನ್ನೇ ಗೆದ್ದವರಿಗೆ ಬಹುಮಾನವಾಗಿ ಕೊಡುವುದು ಜೂಜಿಗೆ ಸಮ ಎನ್ನುತ್ತಾರೆ ವಿದ್ವಾಂಸರು. ಆಡದ ಹಿರಿಯರು ತಮ್ಮ ಕೈಯಿಂದ ಬಹುಮಾನ ಕೊಟ್ಟರೆ ದೋಷವಿಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ಮೇಲೆ ಹಣ ಕಟ್ಟುವುದಂತೂ ಸ್ಪಷ್ಟ ಹರಾಮ್. ಪಂದ್ಯದ ನಂತರ ಗುಟ್ಕಾ, ಸಿಗರೇಟು ಹಂಚುವ ಗೆಳೆತನವೂ ಬೇಡ.

ಅಸರ್ ಮುಗಿಸಿ ವಾಲಿಬಾಲ್, ಕಬಡ್ಡಿ ಆಡಲಿ. ಮಗ್ರಿಬ್ ಅಝಾನಿಗೆ ಮೊದಲೇ ಮೈದಾನ ಖಾಲಿಯಾಗಲಿ. ನಮ್ಮದು ಕಾಡಂಚಿನ ಊರು, ಕತ್ತಲಾದ ಮೇಲೆ ಮಕ್ಕಳು ಹೊರಗಿರುವುದು ಕ್ಷೇಮವಲ್ಲ. ವಾರಕ್ಕೆ ಒಂದು ಸಂಜೆ ನಮ್ಮಲ್ಲಿ ಒಬ್ಬರಾದರೂ ಅಲ್ಲಿ ನಿಂತು ನೋಡಿಕೊಳ್ಳೋಣ. ಒಂದು ಬಲೆ, ಒಂದು ಚೆಂಡಿಗಿಂತ ದುಬಾರಿಯಾದದ್ದು ನಾವು ಕೊಡಬೇಕಾದ ಆ ಸಮಯ.

ನಮ್ಮ ಮಕ್ಕಳನ್ನು ಅಲ್ಲಾಹನು ದೇಹದಲ್ಲೂ ಈಮಾನಿನಲ್ಲೂ ಬಲಿಷ್ಠರನ್ನಾಗಿ ಮಾಡಲಿ. ಆಮೀನ್.